ಟೌನ್ಸೆಂಡ್ ಹೋದ ಮೇಲಿನ ಓಕ್‌ಲ್ಯಾಂಡ್

ಅಕ್ಟೋಬರ್ 20, 2024, ಭಾನುವಾರ
ರೋಚೆಸ್ಟರ್ ಹಿಲ್ಸ್, ಮಿಷಿಗನ್

ಕಾಲೇಜು ಬ್ಯಾಸ್ಕೆಟ್‌ಬಾಲ್ ಋತು ಆರಂಭವಾಗಲು ಇನ್ನು ಸುಮಾರು ಎರಡು ವಾರಗಳಷ್ಟೇ ಉಳಿದಿವೆ. ಓಕ್‌ಲ್ಯಾಂಡ್ ವಿಶ್ವವಿದ್ಯಾಲಯದ ಗೋಲ್ಡನ್ ಗ್ರಿಜ್ಲೀಸ್ ತಂಡದ ಅಭಿಮಾನಿಗಳಾದ ನಾವು ಕೆಲವರು ಇಂದು ಮಧ್ಯಾಹ್ನ ಸ್ನೇಹಿತರೊಬ್ಬರ ಮನೆಯಲ್ಲಿ ಸೇರಿ, ಈ ವರ್ಷದ ಆಟಗಾರರ ಪಟ್ಟಿಯನ್ನು ಮುಂದಿಟ್ಟುಕೊಂಡು ಕುಳಿತೆವು. ಬಂದವರಲ್ಲಿ ಇಬ್ಬರು ಆ ವಿಶ್ವವಿದ್ಯಾಲಯದಲ್ಲೇ ಓದಿದವರು. ಇನ್ನೊಬ್ಬರು ಮೈಸೂರಿನ ಹಿರಿಯರು, ಕಾಲೇಜಿನ ದಿನಗಳಲ್ಲಿ ತಾವೇ ಅಂಗಳಕ್ಕಿಳಿದು ಆಡಿದವರು, ಬಹಳ ವರ್ಷಗಳಿಂದ ಇಲ್ಲಿನ ವಾಹನ ಉದ್ಯಮದಲ್ಲಿರುವವರು. ಪಟ್ಟಿಯ ಮೊದಲ ಹೆಸರನ್ನು ಓದುವ ಮುನ್ನವೇ ಮಾತು ಕಳೆದ ಮಾರ್ಚ್ 21ರ ರಾತ್ರಿಗೆ ಹೊರಳಿತು.

ಆ ರಾತ್ರಿ ಪಿಟ್ಸ್‌ಬರ್ಗ್‌ನಲ್ಲಿ, ಅಮೆರಿಕದ ಕಾಲೇಜು ತಂಡಗಳ ರಾಷ್ಟ್ರೀಯ ಟೂರ್ನಿಯಾದ ಎನ್‌ಸಿಎಎ ಟೂರ್ನಿಯ ಮೊದಲ ಸುತ್ತಿನಲ್ಲಿ, 14ನೆಯ ಶ್ರೇಯಾಂಕದ ಓಕ್‌ಲ್ಯಾಂಡ್ 3ನೆಯ ಶ್ರೇಯಾಂಕದ ಕೆಂಟಕಿಯನ್ನು 80–76ರಿಂದ ಸೋಲಿಸಿತು. ಕೆಂಟಕಿ ತಂಡದ ತವರಾದ ರಪ್ ಅರೀನಾದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಕೂರುತ್ತಾರೆ. ನಮ್ಮ ಓರೀನಾ ತುಂಬಿತೆಂದರೆ ಅಲ್ಲಿರುವುದು ನಾಲ್ಕು ಸಾವಿರ ಜನ. ಆ ರಾತ್ರಿ ಕೆಂಟಕಿಯ ಪರ ಆಡಿದ ಹುಡುಗರಲ್ಲಿ ರೀಡ್ ಶೆಪರ್ಡ್ ಮತ್ತು ರಾಬ್ ಡಿಲಿಂಗ್‌ಹ್ಯಾಮ್ ಜೂನ್ ತಿಂಗಳಲ್ಲಿ, ವೃತ್ತಿಪರ ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವ ಎನ್‌ಬಿಎ ಡ್ರಾಫ್ಟ್‌ನಲ್ಲಿ, ಮೂರನೆಯ ಮತ್ತು ಎಂಟನೆಯ ಆಯ್ಕೆಯಾದರು. ಅಂಥ ತಂಡದ ಎದುರು, ಒಂದು ಹಂತ ಕೆಳಗಿನ ಡಿವಿಷನ್ 2ರ ಹಿಲ್ಸ್‌ಡೇಲ್ ಕಾಲೇಜಿನಿಂದ ಹಿಂದಿನ ಬೇಸಿಗೆಯಲ್ಲಷ್ಟೇ ಬಂದಿದ್ದ ಜ್ಯಾಕ್ ಗೋಲ್ಕಿ ಹತ್ತು ತ್ರೀ ಪಾಯಿಂಟರ್ (ದೂರದ ಗೆರೆಯ ಹೊರಗಿನಿಂದ ಹಾಕುವ ಮೂರಂಕದ ಎಸೆತ) ಹಾಕಿ 32 ಅಂಕ ಗಳಿಸಿದ. ಟೂರ್ನಿಯ ಒಂದೇ ಆಟದಲ್ಲಿ ಅದಕ್ಕಿಂತ ಹೆಚ್ಚು ತ್ರೀ ಹಾಕಿದವನು ಲೊಯೋಲಾ ಮೇರಿಮೌಂಟ್‌ನ ಜೆಫ್ ಫ್ರೈಯರ್ ಒಬ್ಬನೇ. ಅವನು 1990ರಲ್ಲಿ ಹನ್ನೊಂದು ಹಾಕಿದ್ದ, ಅದೂ ನಮ್ಮದೇ ರಾಜ್ಯದ ಮಿಷಿಗನ್ ತಂಡದ ವಿರುದ್ಧ.

ಹೀಗಾಗಿ ಇಂದಿನ ಚರ್ಚೆಯೆಲ್ಲ ಒಂದೇ ಪ್ರಶ್ನೆಯ ಸುತ್ತ ತಿರುಗಿದ್ದರಲ್ಲಿ ಆಶ್ಚರ್ಯವಿಲ್ಲ. ಗೋಲ್ಕಿಯ ಕಾಲೇಜು ಆಟದ ಅವಧಿ ಮುಗಿದಿದೆ, ಮುಂದಿನ ಗೋಲ್ಕಿ ಯಾರು? ಹೊಸದಾಗಿ ಸೇರಿದವರಲ್ಲಿ ಯಾರ ಎಸೆತ ಚೆನ್ನಾಗಿದೆ, ಯಾರ ಶೇಕಡಾವಾರು ಎಷ್ಟು ಎಂದು ಹಳೆಯ ವಿದ್ಯಾರ್ಥಿಗಳಿಬ್ಬರೂ ಮೊಬೈಲಿನಲ್ಲಿ ಹುಡುಕತೊಡಗಿದರು. ಈ ಪ್ರಶ್ನೆಯೇ ಪಕ್ಕದ ದಾರಿ ಹಿಡಿದಿದೆ ಎಂದು ನನಗೆ ಬಲವಾಗಿ ಅನಿಸುತ್ತದೆ. ಅಲ್ಲಿ ಹೇಳಿದ್ದನ್ನೇ ಇಲ್ಲಿ ಇನ್ನಷ್ಟು ಕ್ರಮವಾಗಿ ಬರೆದಿಡುತ್ತೇನೆ.

ಮೊದಲು ಗೋಲ್ಕಿಯ ಎಸೆತದ ಲೆಕ್ಕವನ್ನೇ ನೋಡೋಣ. ಅವನು ಕಳೆದ ಋತುವಿನುದ್ದಕ್ಕೂ ಹಾಕಿದ ತ್ರೀಗಳ ಪ್ರಮಾಣ ಸುಮಾರು ಶೇ 37. ನೂರು ಎಸೆದರೆ 37 ಬೀಳುತ್ತವೆ, ಅಂದರೆ 111 ಅಂಕ. ಎರಡಂಕದ ಎಸೆತಗಳಿಂದ ಇಷ್ಟೇ ಗಳಿಸಬೇಕಾದರೆ ನೂರರಲ್ಲಿ 55ಕ್ಕಿಂತ ಹೆಚ್ಚು ಬೀಳಬೇಕು, ಅದು ಬುಟ್ಟಿಯ ಬುಡದಲ್ಲೇ ನಿಂತು ಆಡುವವರಿಗೆ ಮಾತ್ರ ಸಾಧ್ಯವಾಗುವ ಮಾತು. ಆದ್ದರಿಂದಲೇ ಕೆಂಟಕಿ ಪಂದ್ಯದವರೆಗೆ ಗೋಲ್ಕಿ ಇಡೀ ಋತುವಿನಲ್ಲಿ ಎರಡಂಕಕ್ಕೆ ಎಸೆದದ್ದು ಎಂಟೇ ಸಲ, ಮೂರಂಕಕ್ಕೆ ಎಸೆದದ್ದು ಮುನ್ನೂರಕ್ಕೂ ಹೆಚ್ಚು ಸಲ. ಕೆಂಟಕಿಯ ಎದುರೂ ಅವನ ಇಪ್ಪತ್ತು ಎಸೆತಗಳು ಮೂರಂಕದವೇ. ಈಗ ಗಮನಿಸಬೇಕಾದ ಸಂಗತಿ ಇದು: ಶೇ 37ರ ಶೂಟರ್ ಒಬ್ಬ ಇಪ್ಪತ್ತು ಸಲ ಎಸೆದರೆ ಸರಾಸರಿ ಏಳು ಬೀಳಬೇಕು, ಹತ್ತು ಅಥವಾ ಅದಕ್ಕಿಂತ ಹೆಚ್ಚು ಬೀಳುವ ಸಂಭವ ಆರರಲ್ಲಿ ಒಂದರಷ್ಟಿದೆ. ಇದನ್ನು ಸಂಭವನೀಯತೆಯ ಸಾಮಾನ್ಯ ಸೂತ್ರದಿಂದ ಯಾರು ಬೇಕಾದರೂ ಲೆಕ್ಕ ಹಾಕಬಹುದು. ಆರರಲ್ಲಿ ಒಂದು ಎಂದರೆ ಪವಾಡವಲ್ಲ, ಒಳ್ಳೆಯ ದಿನ ಅಷ್ಟೇ. ದೊಡ್ಡ ಬೆರಗಿರುವುದು ಬೇರೆಡೆ: ದೇಶದ ಅತ್ಯಂತ ವೇಗದ, ಎತ್ತರದ ಹುಡುಗರು ಎದುರಿಗಿರುವಾಗ, ಅವನು ಏನು ಮಾಡುತ್ತಾನೆಂಬುದು ಎಲ್ಲರಿಗೂ ಗೊತ್ತಿರುವಾಗ, ಒಬ್ಬನೇ ಶೂಟರ್‌ಗೆ ಇಪ್ಪತ್ತು ಎಸೆತಗಳು ದೊರಕಿದ್ದು ಹೇಗೆ?

ಇದಕ್ಕೆ ನನ್ನ ಉತ್ತರ ಟ್ರೇ ಟೌನ್ಸೆಂಡ್.

ಇಲ್ಲಿಂದ ಸ್ವಲ್ಪವೇ ಉತ್ತರಕ್ಕಿರುವ ಆಕ್ಸ್‌ಫರ್ಡ್ ಊರಿನ ಹುಡುಗ ಅವನು. ತಂದೆ, ತಾಯಿ ಇಬ್ಬರೂ ಓಕ್‌ಲ್ಯಾಂಡ್ ಪರವಾಗಿಯೇ ಬ್ಯಾಸ್ಕೆಟ್‌ಬಾಲ್ ಆಡಿದವರು. ನಾಲ್ಕು ಋತು ಇಲ್ಲೇ ಆಡಿ, ಕಳೆದ ವರ್ಷ ಓಕ್‌ಲ್ಯಾಂಡ್ ಆಡುವ ಹೊರೈಜನ್ ಲೀಗ್‌ನ ಶ್ರೇಷ್ಠ ಆಟಗಾರನೆನಿಸಿದ. ಇಂಡಿಯಾನಾಪೊಲಿಸ್‌ನಲ್ಲಿ ಮಿಲ್ವಾಕಿ ವಿರುದ್ಧದ ಲೀಗ್ ಫೈನಲ್‌ನಲ್ಲಿ 38 ಅಂಕ ಗಳಿಸಿ ತಂಡವನ್ನು ಎನ್‌ಸಿಎಎ ಟೂರ್ನಿಗೆ ಮುಟ್ಟಿಸಿದವನು ಅವನೇ. ಟೌನ್ಸೆಂಡ್ ಬುಟ್ಟಿಯ ಹತ್ತಿರ ಬೆನ್ನು ಕೊಟ್ಟು ಚೆಂಡು ಕೇಳಿದಾಗ, ಅವನನ್ನು ಒಬ್ಬನ ಕೈಗೆ ಬಿಡಲು ಯಾವ ತಂಡಕ್ಕೂ ಧೈರ್ಯ ಬರುತ್ತಿರಲಿಲ್ಲ. ಶೂಟರ್‌ನನ್ನು ಕಾಯುತ್ತಿರುವವನು ತನಗರಿವಿಲ್ಲದೆಯೇ ಎರಡು ಹೆಜ್ಜೆ ಒಳಗೆ ಸರಿಯುತ್ತಾನೆ. ಚೆಂಡು ಒಳಗಿಂದ ಹೊರಗೆ ಬರುತ್ತದೆ. ಅವನು ಆ ಎರಡು ಹೆಜ್ಜೆ ಹಿಂದಿರುಗುವಷ್ಟರಲ್ಲಿ ಗೋಲ್ಕಿಯ ಕೈಯಿಂದ ಚೆಂಡು ಬಿಟ್ಟಾಗಿರುತ್ತದೆ. ಕಾಲೇಜು ಆಟದಲ್ಲಿ ಮೂರಂಕದ ಗೆರೆ 2019ರಿಂದ 6.75 ಮೀಟರ್ ದೂರದಲ್ಲಿದೆ, ಬೆಂಗಳೂರಿನ ಅಂಗಳಗಳಲ್ಲಿರುವಷ್ಟೇ ದೂರ. ಗೋಲ್ಕಿ ಆ ಗೆರೆಯಿಂದಲೂ ಹಿಂದೆ ನಿಂತು ಎಸೆಯುತ್ತಿದ್ದುದರಿಂದ, ಅವನನ್ನು ಕಾಯುವವನು ಓಡಿ ಬರಬೇಕಾದ ದಾರಿ ಇನ್ನಷ್ಟು ಉದ್ದವಾಗುತ್ತಿತ್ತು.

ಮೈಸೂರಿನ ಹಿರಿಯರು ಇದನ್ನು ಪೂರ್ತಿ ಒಪ್ಪಲಿಲ್ಲ. ‘ನೋಡಿ, ಒಳಗೆ ಎಂಥವನಿದ್ದರೂ ಎಸೆಯುವ ಕೈ ನೆಟ್ಟಗಿಲ್ಲದಿದ್ದರೆ ಏನು ಪ್ರಯೋಜನ? ಗೋಲ್ಕಿಗೆ ಯಾರೂ ಜಾಗ ಮಾಡಿಕೊಡಬೇಕಾಗಿರಲಿಲ್ಲ, ಚೆಂಡಿಲ್ಲದೆ ಓಡಿ ಓಡಿ ಅವನೇ ಜಾಗ ಹುಡುಕಿಕೊಳ್ಳುತ್ತಿದ್ದ’ ಎಂದರು. ಆ ಮಾತಿನಲ್ಲಿ ಸತ್ಯವಿದೆ. ಕಾಯುವವನ ದಾರಿಗೆ ಅಡ್ಡವಾಗಿ ಜೊತೆಗಾರರು ಒಬ್ಬರ ಹಿಂದೊಬ್ಬರು ನಿಲ್ಲಿಸುವ ಸ್ಕ್ರೀನ್‌ಗಳನ್ನು ಬಳಸಿ ದಣಿಯದೆ ಓಡುವ ಗುಣ ಅವನಲ್ಲಿ ಅಸಾಧಾರಣವಾಗಿತ್ತು. ನಾನು ಅವರಿಗೆ ಉತ್ತರವಾಗಿ ಎರಡು ದಿನದ ನಂತರದ ಆಟವನ್ನು ನೆನಪಿಸಿದೆ. ಎರಡನೆಯ ಸುತ್ತಿನಲ್ಲಿ ನಾರ್ತ್ ಕ್ಯಾರೊಲಿನಾ ಸ್ಟೇಟ್ ತಂಡ ಗೋಲ್ಕಿಯ ಮೇಲೆ ಕಣ್ಣಿಟ್ಟೇ ಬಂದಿತ್ತು. ಅವನು ಆರು ತ್ರೀ ಹಾಕಿ 22 ಅಂಕ ಗಳಿಸಿದನಾದರೂ ಅದಕ್ಕೆ ಹದಿನೇಳು ಎಸೆತ ಬೇಕಾದವು. ಅದೇ ಆಟದಲ್ಲಿ ಟೌನ್ಸೆಂಡ್ 30 ಅಂಕ ಮತ್ತು 13 ರೀಬೌಂಡ್ (ತಪ್ಪಿದ ಎಸೆತದ ಚೆಂಡನ್ನು ಹಿಡಿಯುವುದು) ಗಳಿಸಿದ. ಹೊರಗಿನವನನ್ನು ಕಟ್ಟಿಹಾಕಲು ಹೋದರೆ ಒಳಗಿನವನು ಬಿಚ್ಚಿಕೊಳ್ಳುತ್ತಿದ್ದ, ಒಳಗಿನವನನ್ನು ಹಿಡಿಯಲು ಹೋದರೆ ಹೊರಗಿನವನು. ಮುಂದೆ ಅಂತಿಮ ನಾಲ್ಕರ ಘಟ್ಟ ತಲುಪಿದ ಆ ತಂಡವನ್ನು ಓಕ್‌ಲ್ಯಾಂಡ್ ಹೆಚ್ಚುವರಿ ಅವಧಿಯವರೆಗೆ ಎಳೆದು 79–73ರಿಂದ ಸೋತದ್ದು ಆ ಜೋಡಿಯ ಬಲದಿಂದ.

ಶೂಟರ್‌ಗಳ ವಿಷಯದಲ್ಲಿ ನನಗೆ ಆತಂಕವಿಲ್ಲದಿರುವುದಕ್ಕೆ ಇನ್ನೊಂದು ಕಾರಣ ಕೋಚ್ ಗ್ರೆಗ್ ಕ್ಯಾಂಪಿ. ಅವರು 1984ರಿಂದ ಈ ತಂಡದ ಕೋಚ್. ಎನ್‌ಸಿಎಎ ಪುರುಷರ ಆಟಕ್ಕೆ ತ್ರೀ ಪಾಯಿಂಟ್ ಗೆರೆಯನ್ನು ರಾಷ್ಟ್ರಮಟ್ಟದಲ್ಲಿ ತಂದದ್ದು 1986–87ರಲ್ಲಿ. ಅಂದರೆ ಆ ಗೆರೆಗಿಂತಲೂ ಹಿರಿತನ ಅವರದು. ಆಗ ಡಿವಿಷನ್ 2ರಲ್ಲಿದ್ದ ತಂಡವನ್ನು ಡಿವಿಷನ್ 1ಕ್ಕೆ ಏರಿಸಿದವರು ಅವರು. ಅವರ ಕೈಕೆಳಗೆ ಆಡಿದ ಓಕಿಮೊಸ್ ಊರಿನ ಟ್ರ್ಯಾವಿಸ್ ಬೇಡರ್ 2014ರಲ್ಲಿ 504 ತ್ರೀಗಳೊಡನೆ ಕಾಲೇಜು ಜೀವನ ಮುಗಿಸಿದಾಗ, ಡಿವಿಷನ್ 1ರ ಇತಿಹಾಸದಲ್ಲೇ ಅದು ಅತಿ ಹೆಚ್ಚಿನದು. ಡ್ಯೂಕ್‌ನ ಜೆಜೆ ರೆಡಿಕ್ ಹೆಸರಿನಲ್ಲಿದ್ದ 457ರ ದಾಖಲೆಯನ್ನು ಅವನು ಮುರಿದಿದ್ದ. ಆ ದಾಖಲೆ ಮುಂದೆ 2019ರಲ್ಲಿ ವೊಫರ್ಡ್‌ನ ಫ್ಲೆಚರ್ ಮಗೀ ಪಾಲಾಯಿತು; 2023ರಲ್ಲಿ ಅದನ್ನು 588ಕ್ಕೆ ಒಯ್ದ ಆಂಟ್ವಾನ್ ಡೇವಿಸ್ ಪಕ್ಕದ ಡೆಟ್ರಾಯಿಟ್ ಮರ್ಸಿಯವನು, ನಮ್ಮ ಲೀಗಿನವನೇ. ಬೇಡರ್ ಹೋದ ಮೇಲೆ ಮ್ಯಾಕ್ಸ್ ಹೂಪರ್ ಬಂದ. 2015–16ರ ಋತುವಿನಲ್ಲಿ ಅವನು ಎಸೆದದ್ದೆಲ್ಲ ಮೂರಂಕಕ್ಕೇ, ಎರಡಂಕಕ್ಕೆ ಒಂದನ್ನೂ ಎಸೆಯಲಿಲ್ಲ. ಅನಂತರ ಗೋಲ್ಕಿ. ದೂರದಿಂದ ಎಸೆಯಬಲ್ಲ, ದೊಡ್ಡ ತಂಡಗಳ ಕಣ್ಣಿಗೆ ಬೀಳದ ಹುಡುಗನನ್ನು ಕರೆತಂದು, ‘ನಿನ್ನ ಕೆಲಸ ಎಸೆಯುವುದು, ತಪ್ಪಿದರೂ ಎಸೆ’ ಎಂಬ ಸ್ವಾತಂತ್ರ್ಯ ಕೊಡುವುದು ಕ್ಯಾಂಪಿಯವರ ರೂಢಿ. ಅಂಥ ಇನ್ನೊಬ್ಬ ಸಿಕ್ಕೇ ಸಿಗುತ್ತಾನೆ, ಈ ವರ್ಷವಲ್ಲದಿದ್ದರೆ ಮುಂದಿನ ವರ್ಷ.

ಆದರೆ ಈ ಶೂಟರ್‌ಗಳ ಪಕ್ಕದಲ್ಲಿ ಯಾರಿದ್ದರು ಎಂಬುದನ್ನೂ ನೆನೆಯಬೇಕು. ಬೇಡರ್‌ನ ಮೊದಲ ಋತುವಿನಲ್ಲಿ ಒಳಗೆ ಕೀತ್ ಬೆನ್ಸನ್ ಇದ್ದ. 2011ರಲ್ಲಿ ಅವನನ್ನು ಎನ್‌ಬಿಎಯ ಅಟ್ಲಾಂಟಾ ತಂಡ ಡ್ರಾಫ್ಟ್‌ನಲ್ಲಿ ಆರಿಸಿಕೊಂಡಿತು. ಹೂಪರ್ ಎಸೆಯುತ್ತಿದ್ದಾಗ ಚೆಂಡು ಕೇ ಫೆಲ್ಡರ್ ಕೈಯಲ್ಲಿತ್ತು. ಆ ವರ್ಷ ಇಡೀ ದೇಶದಲ್ಲಿ ಪಂದ್ಯಕ್ಕೆ ಅತಿ ಹೆಚ್ಚು ಅಸಿಸ್ಟ್ (ಜೊತೆಗಾರನ ಅಂಕಕ್ಕೆ ದಾರಿ ಮಾಡುವ ಪಾಸ್) ಕೊಟ್ಟವನು ಈ ಗಿಡ್ಡ ಗಾರ್ಡ್. ಅವನು ನುಗ್ಗಿದನೆಂದರೆ ಎದುರಾಳಿಗಳೆಲ್ಲ ಅವನ ಕಡೆಗೇ ಕುಸಿಯುತ್ತಿದ್ದರು. ಗೋಲ್ಕಿಗೆ ಟೌನ್ಸೆಂಡ್. ಓಕ್‌ಲ್ಯಾಂಡ್‌ನ ಹೆಸರಾಂತ ಶೂಟರ್‌ಗಳ ಬದಿಯಲ್ಲಿ ಹೀಗೆ ಎದುರಾಳಿಗಳನ್ನು ತನ್ನತ್ತ ಸೆಳೆಯುವವನೊಬ್ಬ ಇದ್ದೇ ಇದ್ದ. ಗಂಧ ತೇಯಲು ಕೊರಡೂ ಬೇಕು, ಕಲ್ಲೂ ಬೇಕು; ನಾವು ಅಭಿಮಾನಿಗಳು ಕೊರಡಿನ ಹೆಸರನ್ನಷ್ಟೇ ನೆನಪಿಟ್ಟುಕೊಳ್ಳುತ್ತೇವೆ.

ಟೌನ್ಸೆಂಡ್ 2024–25ರ ಋತುವಿಗೆ ಅರಿಜೋನಾ ವಿಶ್ವವಿದ್ಯಾಲಯ ಸೇರಿದ್ದಾನೆ. ಅವನ ಜೊತೆ ಒಳಗೆ ಆಡುತ್ತಿದ್ದ ಕ್ರಿಸ್ ಕಾನ್ವೇ ವಾಷಿಂಗ್ಟನ್‌ಗೆ ಹೋಗಿದ್ದಾನೆ. ಗೋಲ್ಕಿಯಂತೆ ತಂಡದ ಇನ್ನೊಬ್ಬ ಆಟಗಾರ ಬ್ಲೇಕ್ ಲ್ಯಾಂಪ್‌ಮನ್‌ನ ಅವಧಿಯೂ ಮುಗಿದಿದೆ. 2021ರವರೆಗೆ ಹೀಗೆ ಕಾಲೇಜು ಬದಲಿಸಿದವರು ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕಿತ್ತು. ಆ ವರ್ಷ ಒಮ್ಮೆ ಬದಲಿಸಿದವರಿಗೆ ವಿನಾಯಿತಿ ದೊರೆಯಿತು, ಜುಲೈ 1ರಿಂದ ಆಟಗಾರರು ತಮ್ಮ ಹೆಸರು ಮತ್ತು ಚಿತ್ರದಿಂದ ಹಣ ಗಳಿಸುವುದಕ್ಕೂ ಅನುಮತಿ ಸಿಕ್ಕಿತು. ಈ ಏಪ್ರಿಲ್‌ನಲ್ಲಿ, ಓದು ಸರಿಯಾಗಿದ್ದರೆ ಎಷ್ಟು ಸಲ ಬೇಕಾದರೂ ತಂಡ ಬದಲಿಸಿ ತಕ್ಷಣವೇ ಆಡಬಹುದು ಎಂದಾಯಿತು. ಕೋವಿಡ್ ವರ್ಷ ಆಡಿದವರಿಗೆ ಸಿಕ್ಕ ಹೆಚ್ಚುವರಿ ಋತುವೂ ಟೌನ್ಸೆಂಡ್ ಬಳಿ ಉಳಿದಿತ್ತು. ಹಳೆಯ ವಿದ್ಯಾರ್ಥಿಗಳಲ್ಲೊಬ್ಬರು ಇದನ್ನು ದ್ರೋಹವೆಂದೇ ಕರೆದರು, ತಂದೆತಾಯಿ ಆಡಿದ ಅಂಗಳವನ್ನು ಬಿಟ್ಟು ಹೋಗಬಾರದಿತ್ತು ಎಂದರು. ನನಗೆ ಆ ಮಾತು ಹಿಡಿಸಲಿಲ್ಲ, ಹಾಗೆಂದು ಅವರಿಗೆ ಹೇಳಿಯೂ ಬಿಟ್ಟೆ. ನಾಲ್ಕು ವರ್ಷ ಇಲ್ಲಿ ಬೆವರು ಸುರಿಸಿ, ತಂಡವನ್ನು ಟೂರ್ನಿಗೆ ಮುಟ್ಟಿಸಿ, ತನ್ನ ಕೊನೆಯ ಒಂದು ವರ್ಷವನ್ನು ದೊಡ್ಡ ಅಂಗಳದಲ್ಲಿ ಆಡಬಯಸಿದ ಹುಡುಗ ಯಾರಿಗೂ ಏನನ್ನೂ ಬಾಕಿ ಉಳಿಸಿಕೊಂಡಿಲ್ಲ. ಗೋಲ್ಕಿ ಹಿಲ್ಸ್‌ಡೇಲ್ ಬಿಟ್ಟು ಬಂದಾಗ ನಾವು ಸಂತೋಷಪಟ್ಟೆವಲ್ಲ, ಅಲ್ಲಿನ ಅಭಿಮಾನಿಗಳಿಗೆ ಹೇಗನಿಸಿರಬೇಕು?

ನನ್ನನ್ನು ಕಾಡುವುದು ಬೇರೆಯದು. ಶೂಟರ್‌ನನ್ನು ಸಿದ್ಧವಾಗಿಯೇ ತರಬಹುದು. ಎಸೆತದ ಶೇಕಡಾವಾರು ಎಲ್ಲೆಡೆ ಅಳೆಯಲು ಸಿಗುವ ಸಂಖ್ಯೆ, ಡಿವಿಷನ್ 2ರಲ್ಲಿ ಚೆನ್ನಾಗಿ ಎಸೆದವನು ಇಲ್ಲೂ ಎಸೆಯುತ್ತಾನೆ, ಗೆರೆ ಅಷ್ಟೇ ದೂರದಲ್ಲಿರುತ್ತದೆ. ಒಳಗೆ ಇಬ್ಬರನ್ನು ಎದುರಿಸಿ, ತಲೆ ಎತ್ತಿ, ಸರಿಯಾದ ಕ್ಷಣದಲ್ಲಿ ಹೊರಗೆ ಪಾಸ್ ಕೊಡುವವನು ಹಾಗೆ ಸಿದ್ಧವಾಗಿ ಸಿಗುವುದಿಲ್ಲ. ಟೌನ್ಸೆಂಡ್ ಅದನ್ನು ಕಲಿತದ್ದು ನಾಲ್ಕು ವರ್ಷಗಳಲ್ಲಿ, ನಮ್ಮ ಕಣ್ಣೆದುರಿಗೆ, ಓರೀನಾದ ಕಪ್ಪು ನೆಲದ ಮೇಲೆ. ಇಂದಿನ ನಿಯಮಗಳ ನಡುವೆ ಸಣ್ಣ ಲೀಗಿನ ತಂಡವೊಂದರಲ್ಲಿ ಅಂಥವನು ನಾಲ್ಕು ವರ್ಷ ಉಳಿಯುವುದೇ ಅಪರೂಪ. ಎರಡನೆಯ ವರ್ಷ ಮಿಂಚಿದರೆ ಮೂರನೆಯ ವರ್ಷಕ್ಕೆ ದೊಡ್ಡ ತಂಡ ಕರೆದೊಯ್ಯುತ್ತದೆ.

ಹಾಗಾದರೆ ಈ ವರ್ಷ ಆ ಜಾಗದಲ್ಲಿ ಯಾರು? ನಾನು ತುಬುರು ನೈವಲುರುವಾನ ಹೆಸರು ಹೇಳಿದೆ. ಆಸ್ಟ್ರೇಲಿಯಾದಿಂದ ಬಂದ ಗಟ್ಟಿಮುಟ್ಟಾದ ಹುಡುಗ, ತಂಡದಲ್ಲೇ ಉಳಿದುಕೊಂಡಿದ್ದಾನೆ. ಮೈಯ ಬಲಕ್ಕೆ ಕೊರತೆಯಿಲ್ಲ. ಇಬ್ಬರು ಮುತ್ತಿದಾಗ ಅವನು ಏನು ಮಾಡುತ್ತಾನೆ ಎಂಬುದನ್ನು ಇನ್ನೂ ನೋಡಬೇಕಿದೆ. ಹಿರಿಯರು ಡಿಕ್ಯೂ ಕೋಲ್ ಕಡೆಗೆ ವಾಲಿದರು. ಕೆಂಟಕಿ ಪಂದ್ಯದ ಕೊನೆಯ ಅರ್ಧ ನಿಮಿಷದಲ್ಲಿ ಮೂಲೆಯಿಂದ ತ್ರೀ ಹಾಕಿ ತಂಡಕ್ಕೆ ಉಸಿರು ಕೊಟ್ಟವನು ಕೋಲ್. ಅವನು ಒಳಗೆ ನುಗ್ಗಿ ಎದುರಾಳಿಗಳನ್ನು ಸೆಳೆಯಬಲ್ಲ ಎಂಬುದು ಅವರ ವಾದ. ಫೆಲ್ಡರ್ ಇದ್ದಾಗ ಒಳಗೆ ಹೇಳಿಕೊಳ್ಳುವಂಥ ದೊಡ್ಡ ಆಟಗಾರನಿಲ್ಲದೆಯೂ ಶೂಟರ್‌ಗಳಿಗೆ ಜಾಗ ಸಿಗುತ್ತಿತ್ತಲ್ಲ ಎಂದು ನನ್ನದೇ ಉದಾಹರಣೆಯನ್ನು ನನ್ನ ಮುಂದಿಟ್ಟರು. ಕೋಲ್ ಫೆಲ್ಡರ್‌ನಷ್ಟು ಚುರುಕಾಗಿ ಪಾಸ್ ಕೊಡುವವನಲ್ಲ ಎಂಬ ನನ್ನ ಆಕ್ಷೇಪಕ್ಕೆ, ‘ಇನ್ನೂ ಒಂದು ಬೇಸಿಗೆ ಅಭ್ಯಾಸ ಮಾಡಿದ್ದಾನಲ್ಲ, ನೋಡೋಣ ಇರಿ’ ಎಂದರು.

ಕ್ಯಾಂಪಿಯವರ ವಲಯ ರಕ್ಷಣೆ (ಒಬ್ಬೊಬ್ಬ ಆಟಗಾರನ ಬದಲು ಅಂಗಳದ ಒಂದೊಂದು ಭಾಗವನ್ನು ಕಾಯುವ ರೀತಿ) ಈ ವರ್ಷವೂ ತಂಡವನ್ನು ಹಲವು ಆಟಗಳಲ್ಲಿ ಉಳಿಸುತ್ತದೆ, ಅದರಲ್ಲಿ ನಮ್ಮಲ್ಲಿ ಯಾರಿಗೂ ಸಂಶಯವಿಲ್ಲ. ಆದರೆ ಚೆಂಡು ಒಳಗೆ ಹೋಗದೆ ಗೆರೆಯ ಸುತ್ತಲೇ ಕೈಯಿಂದ ಕೈಗೆ ದಾಟುತ್ತಿದ್ದರೆ, ಎಸೆಯಲು ಕೊಟ್ಟ ಸಮಯ ಮುಗಿಯುವ ಹೊತ್ತಿಗೆ ಮುಖದೆದುರು ಕೈ ಇಟ್ಟವನ ಮೇಲಿಂದ ಎಸೆಯಬೇಕಾಗುತ್ತದೆ. ಆಗ ಶೇ 37ರ ಶೂಟರ್ ಕೂಡ ಶೇ 30ಕ್ಕೆ ಇಳಿಯುತ್ತಾನೆ, ನೂರು ಎಸೆತಕ್ಕೆ ತೊಂಬತ್ತೇ ಅಂಕ, ಹೊರೈಜನ್ ಲೀಗ್‌ನಲ್ಲಿ ಗೆಲ್ಲಲು ಅದು ಸಾಲದು. ಹಿರಿಯರೂ ನಾನೂ ಕೊನೆಗೆ ಒಂದು ಮಾತಿಗೆ ಬಂದೆವು: ನವೆಂಬರ್ ತಿಂಗಳ ಆಟಗಳಲ್ಲಿ ಓಕ್‌ಲ್ಯಾಂಡ್‌ನ ಪ್ರತಿಯೊಂದು ತ್ರೀ ಎಸೆತಕ್ಕೂ ಮುನ್ನ ಚೆಂಡು ಒಳಗೆ ಹೋಗಿ ಬಂದಿತ್ತೇ, ಬಂದಿದ್ದರೆ ಕಳಿಸಿದವನು ಯಾರು ಎಂದು ಅವರೊಂದು ಪುಸ್ತಕದಲ್ಲಿ, ನಾನೊಂದು ಪುಸ್ತಕದಲ್ಲಿ ಬರೆದಿಡುವುದು, ಡಿಸೆಂಬರ್‌ನಲ್ಲಿ ಎರಡನ್ನೂ ತಾಳೆ ನೋಡುವುದು. ನಾನು ನೈವಲುರುವಾನ ಹೆಸರು ಹೆಚ್ಚು ಸಲ ಬರುತ್ತದೆ ಎನ್ನುತ್ತೇನೆ, ಅವರು ಕೋಲ್ ಎನ್ನುತ್ತಾರೆ.