ಹೊಂಡ ತೋಡುವ ಮಷಿನ್ ಸ್ಟಾರ್ಟ್ ಆಗದಿದ್ದರೆ

ಮಳೆ ನಿಂತಿತು ಅಂದರೆ ನಮ್ಮ ಕಾರ್ಕಳದ ಕಡೆ ಬೇಲಿ ಕಂಬಕ್ಕೆ, ಬಾಳೆಗೆ ಹೊಂಡ ತೋಡುವ ಗಡಿಬಿಡಿ. ಮಳೆಗಾಲವಿಡೀ ಮೂಲೆಯಲ್ಲಿದ್ದ ಪೆಟ್ರೋಲ್ ಅರ್ತ್ ಆಗರ್ ಸರಿಯಾಗಿ ಆಗಲೇ ಮುನಿಸಿಕೊಳ್ಳುವುದು. ಸುಮ್ನೆ ಹಗ್ಗ ಎಳೆದು ರಟ್ಟೆ ನೋಯಿಸಿಕೊಳ್ಳಬೇಡಿ. ಮೊದಲು ಕಿಡಿ ಕೊಡುವ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ಒದ್ದೆಯಾಗಿದ್ದರೆ ಪೆಟ್ರೋಲ್ ಜಾಸ್ತಿ ಹೋಗಿದೆ, ಒರೆಸಿ ಒಣಗಿಸಿ. ಎಷ್ಟು ಎಳೆದರೂ ಪ್ಲಗ್ ಒಣಗಿಯೇ ಇದ್ದರೆ ಪೆಟ್ರೋಲೇ ಬರುತ್ತಿಲ್ಲ.

ಮೊನ್ನೆ ಭಾವನ ಮಷಿನಿನಲ್ಲಿ ಒಣಗಿತ್ತು. ಟ್ಯಾಂಕಿನ ಫಿಲ್ಟರ್ ಚೆನ್ನಾಗಿಯೇ ಇತ್ತು. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ಬಿಚ್ಚಿದೆವು. ಒಳಗೆ ಪೆಟ್ರೋಲ್ ಎಳೆಯುವ ತೆಳು ಪೊರೆ, ಅಂದರೆ ಡಯಾಫ್ರಾಮ್, ಗಟ್ಟಿಯಾಗಿ ಅಂಚು ಮುರುಟಿತ್ತು. ಹೊಸದು ಹಾಕಿದ ಮೇಲೆ ಓಡಿತು. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇರುತ್ತದೆ, ಅದು ತೇವ ಹೀರುತ್ತದೆ. ಕರಾವಳಿಯ ಮಳೆಗಾಲದಲ್ಲಿ ಕೇಳಬೇಕಾ? ಎತ್ತಿಡುವ ಮುಂಚೆ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲುವವರೆಗೆ ಓಡಿಸಿ.

ಟೂ ಸ್ಟ್ರೋಕ್ ಎಂಜಿನ್ ಆದರೆ ಪೆಟ್ರೋಲಿಗೆ ಆಯಿಲ್ ಅಳೆದೇ ಬೆರೆಸಿ. 25:1 ಅಂದರೆ 25 ಪಾಲು ಪೆಟ್ರೋಲಿಗೆ 1 ಪಾಲು ಆಯಿಲ್, ಲೀಟರಿಗೆ 40 ಮಿ.ಲೀ. ಕಣ್ಣಂದಾಜು ಬೇಡವೇ ಬೇಡ.

ಇನ್ನು ನಮ್ಮ ಮುರಕಲ್ಲು, ಅಂದರೆ ಇಲ್ಲಿನ ಕೆಂಪು ಕಲ್ಲು. ಮಣ್ಣು ಕೊರೆಯುವ ಬಿಟ್ ಕಲ್ಲಿಗೆ ತಾಗಿದರೆ ಮೇಲಿಂದ ಒತ್ತಬೇಡಿ. ಹಿಡಿಕೆ ತಿರುಗಿ ಕೈಗೇ ಹೊಡೆಯುತ್ತದೆ, ಕ್ಲಚ್ಚೂ ಸವೆಯುತ್ತದೆ. ಆಫ್ ಮಾಡಿ, ಬಿಟ್ ಎತ್ತಿ, ಪಿಕ್ಕಾಸಿನಿಂದ ಕಲ್ಲು ಸಡಿಲಿಸಿ, ಆಮೇಲೆ ಮುಂದುವರಿಸಿ.