ರಫಿ ಹಾಡಲ್ಲಿ ನಿಂಗೆ ಯಾವುದು ಇಷ್ಟ?

ನನಗೆ ಮೊಹಮ್ಮದ್ ರಫಿ ಹುಚ್ಚು ಅಂತ ಗೊತ್ತಾದ ತಕ್ಷಣ ಎಲ್ಲರೂ ಕೇಳೋದು ಒಂದೇ, "ಹಾಗಾದ್ರೆ ನಿನ್ನ ಫೇವರಿಟ್ ಯಾವುದು?" ಕೇಳಿದವರೇ ಉತ್ತರಾನೂ ಕೊಟ್ಟುಬಿಡ್ತಾರೆ, "ಓ ದುನಿಯಾ ಕೇ ರಖ್‌ವಾಲೇ ತಾನೆ?" ಅಂತ. ಅಲ್ಲ ಅಂದ್ರೆ ಮುಖ ಸಪ್ಪಗಾಗುತ್ತೆ. ಎಷ್ಟೋ ಸಲ ಸುಮ್ನೆ ಹೂಂ ಅಂದು ಜಾರಿಕೊಂಡಿದ್ದೀನಿ, ಇವತ್ತು ಕೂತು ಬರೆದೇ ಬಿಡ್ತೀನಿ.

ಮೊದಲು ಆ ಹಾಡಿನ ಲೆಕ್ಕ ಚುಕ್ತಾ ಮಾಡೋಣ. 1952ರ ಬೈಜೂ ಬಾವ್ರಾ, ನೌಷಾದ್ ಸಂಗೀತ, ದರ್ಬಾರಿ ರಾಗ. ಕೊನೇಲಿ ದನಿ ಮೇಲಕ್ಕೆ, ಇನ್ನೂ ಮೇಲಕ್ಕೆ ಹತ್ತಿಕೊಂಡು ಹೋಗುತ್ತಲ್ಲ, ಅದು ಎಲ್ಲರ ಕೈಲಾಗೋ ಕೆಲಸ ಅಲ್ಲ, ಒಪ್ತೀನಿ. ಆದ್ರೆ ಆರ್ಕೆಸ್ಟ್ರಾದೋರು, ಟಿವಿ ಕಾಂಪಿಟಿಷನ್ ಹುಡುಗರು ಎಲ್ಲರೂ ಅದನ್ನೇ ಎತ್ತಿಕೊಂಡು ಕತ್ತಿನ ನರ ಉಬ್ಬಿಸಿ ಕಿರುಚಿ ಕಿರುಚಿ, ಈಗ ಒರಿಜಿನಲ್ ಕೇಳಿದ್ರೂ ನಂಗೆ ಆ ನರಾನೇ ಕಣ್ಮುಂದೆ ಬರುತ್ತೆ. ರಫಿ ತಪ್ಪಲ್ಲ ಬಿಡಿ ಅದು. ಅದೇ ಸಿನಿಮಾದ ಮನ್ ತಡಪತ್ ಹರಿ ದರ್ಶನ್ ಕೋ ಆಜ್ ನನಗೆ ಇದಕ್ಕಿಂತ ಹತ್ತಿರ. ಮಾಲ್‌ಕೌಂಸ್ ರಾಗ, ನಮ್ಮ ಕರ್ನಾಟಕ ಸಂಗೀತದೋರು ಹಿಂದೋಳ ಅಂತಾರಲ್ಲ ಅದರ ಜೋಡಿ. ಬರೆದ ಶಕೀಲ್ ಬದಾಯೂನಿ, ರಾಗ ಹಾಕಿದ ನೌಷಾದ್, ಹಾಡಿದ ರಫಿ ಮೂವರೂ ಮುಸ್ಲಿಮರು, ಹಾಡು ಮಾತ್ರ ಭಜನೆ ಅನ್ನೋದನ್ನ ಹೇಳಿ ಹೇಳಿ ಜನ ಸವೆಸಿಬಿಟ್ಟಿದ್ದಾರೆ, ಅದಕ್ಕೇ ನಾನು ಹೇಳಲ್ಲ ಅಂತಿದ್ದೆ, ಹೇಳೇಬಿಟ್ಟೆ.

ಸರಿ, ನನ್ನ ಉತ್ತರ: ಮೈಂ ಯೇ ಸೋಚ್‌ಕರ್ ಉಸ್‌ಕೇ ದರ್ ಸೇ ಉಠಾ ಥಾ.

"ಯಾವುದದು?" ಅಂತಾರೆ ಮುಕ್ಕಾಲು ಪಾಲು ಜನ. 1964ರ ಹಕೀಕತ್ ಸಿನಿಮಾದ್ದು, ಚೇತನ್ ಆನಂದ್ ನಿರ್ದೇಶನ, 1962ರ ಚೀನಾ ಯುದ್ಧದ ಕಥೆ. ಮದನ್ ಮೋಹನ್ ಸಂಗೀತ, ಕೈಫಿ ಆಜ್ಮಿ ಸಾಹಿತ್ಯ. ಆ ಸಿನಿಮಾದ ಕರ್ ಚಲೇ ಹಮ್ ಫಿದಾ ಎಲ್ಲರಿಗೂ ಗೊತ್ತು, ಆಗಸ್ಟ್ 15ಕ್ಕೆ ಮೈಕಲ್ಲಿ ಹಾಕ್ತಾರಲ್ಲ ಅದು, ಅದನ್ನ ಹಾಡಿದ್ದೂ ರಫಿನೇ. ಆ ಗಲಾಟೇಲಿ ಪಾಪ ಇದು ಮೂಲೆ ಸೇರಿಬಿಡ್ತು.

ಹಾಡಲ್ಲಿ ನಡೆಯೋದು ಇಷ್ಟೇ. ಒಬ್ಬ ಅವಳ ಮನೆ ಬಾಗಿಲಿಂದ ಎದ್ದು ಹೊರಡ್ತಾನೆ, ಅವಳು ತಡೀತಾಳೆ ಅಂದ್ಕೊಂಡು. ಅಂಗಿ ಚುಂಗು ಹಿಡಿದು ಕೂರಿಸ್ತಾಳೆ, ಕೂಗಿ ಕರೀತಾಳೆ ಅಂತ ಕಾಯ್ತಾ ಕಾಯ್ತಾ ಹೆಜ್ಜೆ ಹಾಕ್ತಾನೆ. ಅವಳು ತಡೆಯಲ್ಲ, ಕರೆಯಲ್ಲ. ಇವನು ನಿಧಾನಕ್ಕೆ, ನಿಧಾನಕ್ಕೆ ನಡೀತಾ ನಡೀತಾ ದೂರ ಆಗೇಬಿಡ್ತಾನೆ. ಮುಗೀತು. ಪಲ್ಲವಿ, ಚರಣ, ಮತ್ತೆ ಪಲ್ಲವಿ ಅನ್ನೋ ಮಾಮೂಲಿ ಲೆಕ್ಕ ಇಲ್ಲಿಲ್ಲ, ಹೊರಟವನು ತಿರುಗಿ ಬಂದಿದ್ರೆ ತಾನೆ ಪಲ್ಲವಿ ತಿರುಗಿ ಬರೋಕೆ! ಜೊತೆಗೊಂದು ಪಿಟೀಲು ಅವನ ಹಿಂದೆ ಹಿಂದೇನೇ ಬರುತ್ತೆ. ರಫಿ ಇದನ್ನ ಅಳ್ತಾ ಹಾಡಬಹುದಿತ್ತು, ಬೇರೆ ಹಾಡುಗಳಲ್ಲಿ ಗಂಟಲು ನಡುಗಿಸಿ ಅತ್ತಿದ್ದಾರೆ ಕೂಡ. ಇಲ್ಲಿ ಒಂದು ಹನಿ ಇಲ್ಲ. ಯಾವತ್ತೋ ಆಗಿಹೋದ ವಿಷಯಾನ ಪಕ್ಕದಲ್ಲಿ ಕೂತ ಸ್ನೇಹಿತನಿಗೆ ಹೇಳೋ ಥರ ಹೇಳ್ತಾರೆ, ಕೊನೆ ಸಾಲಿನ ಹೊತ್ತಿಗೆ ಅವರಿಗೇ ಈಗಷ್ಟೇ ಗೊತ್ತಾಯ್ತೇನೋ ಅನ್ನೋ ಹಾಗೆ ದನಿ ಸ್ವಲ್ಪ ಕುಸಿಯುತ್ತೆ. ಅಷ್ಟಕ್ಕೇ ನಾನು ಸತ್ತೆ.

ನಂಗ್ಯಾಕೆ ಇಂಥವೇ ಹಿಡಿಸ್ತವೆ ಅಂದ್ರೆ ಅದಕ್ಕೂ ಒಂದು ಕಾರಣ ಇದೆ. ರಾತ್ರಿ ಹತ್ತಕ್ಕೆ ವಿವಿಧ ಭಾರತೀಲಿ ಛಾಯಾಗೀತ್ ಬರ್ತಿತ್ತು, ಅಪ್ಪ ತಪ್ಪದೆ ಹಾಕೋರು, ಆದ್ರೆ ನಾವು ಮಲಗಿರ್ತೀವಲ್ಲ ಅಂತ ವಾಲ್ಯೂಮ್ ಎಷ್ಟು ಕಮ್ಮಿ ಇಡೋರು ಅಂದ್ರೆ ರೇಡಿಯೋಗೆ ಕಿವಿ ಹಚ್ಚಿ ಕೂತ ಅವರಿಗೇ ಸರಿಯಾಗಿ ಕೇಳಿಸ್ತಿತ್ತೋ ಇಲ್ವೋ. ನಾನು ಕಂಬಳಿ ಒಳಗೆ ಕಣ್ಣು ಮುಚ್ಚಿಕೊಂಡು ಎಚ್ಚರವಾಗೇ ಇರ್ತಿದ್ದೆ. ಹಿಂದಿ ಆಗ ಒಂದಕ್ಷರ ಅರ್ಥ ಆಗ್ತಿರಲಿಲ್ಲ. ಎತ್ತರದ ದನಿ ಹಾಡೂ ಪಿಸುಗುಟ್ಟಿದ ಹಾಗೆ ಕೇಳಿಸ್ತಿತ್ತು, ಮೆಲ್ಲಗಿನ ಹಾಡಂತೂ ಅರ್ಧ ಕಲ್ಪನೆ ಮಾಡ್ಕೋಬೇಕಿತ್ತು.

ಹಾಗೆ ಅರ್ಧ ಕಲ್ಪನೇಲೇ ಕೇಳಿದ್ದು ಗೈಡ್ ಸಿನಿಮಾದ ದಿನ್ ಢಲ್ ಜಾಯೇ. ನಮ್ಮ ಮೈಸೂರಿನ ಆರ್.ಕೆ. ನಾರಾಯಣ್ ಕಾದಂಬರಿ, 1965ರ ಸಿನಿಮಾ, ಎಸ್.ಡಿ. ಬರ್ಮನ್ ಸಂಗೀತ, ಶೈಲೇಂದ್ರ ಸಾಹಿತ್ಯ. ಅದರಲ್ಲಿ ದೇವ್ ಆನಂದ್‌ಗೆ ಇಬ್ಬರ ದನಿ ಇದೆ. ಗಾತಾ ರಹೇ ಮೇರಾ ದಿಲ್ ಅಂತ ಖುಷಿಯಾಗಿ ತಿರುಗಾಡೋದಕ್ಕೆ ಕಿಶೋರ್, ಅವಳಿಗೂ ಇವನಿಗೂ ನಡುವೆ ಗೋಡೆ ಬಿದ್ದು ಒಬ್ಬನೇ ಕುಡಿದು ಕೂತ ರಾತ್ರಿಗೆ ರಫಿ. ಬರ್ಮನ್ ದಾದಾ ಲೆಕ್ಕಾಚಾರ ನೋಡಿ! ಕಿಶೋರ್ ದೊಡ್ಡೋರಾ ರಫಿ ದೊಡ್ಡೋರಾ ಅಂತ ಕೇಳೋರಿಗೆ ನಾನು ಈ ಸಿನಿಮಾ ತೋರಿಸಿ ಎದ್ದು ಹೋಗ್ತೀನಿ. ಆ ಕಿಶೋರ್ ಕುಮಾರೇ ಪರದೆ ಮೇಲೆ ಹೀರೋ ಆಗಿ ನಿಂತಾಗ ಮನ್ ಮೋರಾ ಬಾವ್ರಾ ಅನ್ನೋ ಶಾಸ್ತ್ರೀಯ ಹಾಡಿಗೆ ರಫಿ ದನಿ ಕೊಟ್ಟಿದ್ದಾರೆ, 1958ರ ರಾಗಿಣೀಲಿ. ಅವರವರಿಗೇ ಇಲ್ಲದ ಜಗಳ ನಮಗ್ಯಾಕೆ.

ಎರಡನೇ ಸ್ಥಾನ ಅಂತ ಕೊಡಲೇಬೇಕು ಅಂದ್ರೆ ಮನ್ ರೇ ತೂ ಕಾಹೇ ನ ಧೀರ್ ಧರೇ. ಇದೂ 1964, ಚಿತ್ರಲೇಖಾ, ರೋಷನ್ ಸಂಗೀತ, ಸಾಹಿರ್ ಲುಧಿಯಾನ್ವಿ ಸಾಹಿತ್ಯ. ದಾಸರ ಪದ ಕೇಳ್ಕೊಂಡು ಬೆಳೆದ ನಮಗೆ ಮನಸ್ಸನ್ನ ಎದುರು ಕೂರಿಸಿಕೊಂಡು ಮನವೇ ಅಂತ ಬುದ್ಧಿ ಹೇಳೋದು ಹೊಸದಲ್ಲ, ಅದಕ್ಕೇ ಇರಬೇಕು ಮೊದಲ ಸಲ ಕೇಳಿದಾಗಲೇ ಗುರುತಿರೋರು ಸಿಕ್ಕ ಹಾಗಾಯ್ತು. ಯಮನ್ ರಾಗ, ಅಂದ್ರೆ ನಮ್ಮ ಕಲ್ಯಾಣಿ ಮನೆತನದ್ದೇ. ತಾನು ಎಷ್ಟು ಹಾಡಬಲ್ಲೆ ಅಂತ ತೋರಿಸೋಕೆ ಯಮನ್‌ನಲ್ಲಿ ಬೇಕಾದಷ್ಟು ಜಾಗ ಇದೆ, ರಫಿ ಆ ಕಡೆ ತಲೆ ಹಾಕಲ್ಲ. ಮನಸ್ಸಿಗೆ ಧೈರ್ಯ ಹೇಳೋನು ತಾನೇ ಗಡಿಬಿಡಿ ಮಾಡಿದ್ರೆ ಹೇಗೆ ಹೇಳಿ.

ಹಾಗಂತ ರಫಿ ಜೋರಾಗಿ ಹಾಡಿದ್ದು ಯಾವುದೂ ಬೇಡ ಅಂತಲ್ಲ. ಶಮ್ಮಿ ಕಪೂರ್ ಹಾಡುಗಳು ಶುರುವಾದ್ರೆ ನಾನೂ ತಲೆ ಆಡಿಸ್ತೀನಿ, ಕಾಶ್ಮೀರ್ ಕೀ ಕಲೀಲಿ ತಾರೀಫ್ ಕರೂಂ ಕ್ಯಾ ಉಸ್‌ಕೀ ಅಂತ ಕೊನೇಲಿ ಬಿಡದೆ ಹಾಡೋದು ಕೇಳಿದ್ರೆ ದೋಣಿ ಮೇಲೆ ಕುಣೀತಿರೋದು ಶಮ್ಮಿನಾ ರಫಿನಾ ಗೊತ್ತಾಗಲ್ಲ. ಇನ್ನು 1957ರ ಪ್ಯಾಸಾ. ಎಣ್ಣೆ ಮಾಲೀಶ್ ಮಾಡೋ ಜಾನಿ ವಾಕರ್‌ಗೂ ಅದೇ ಗಂಟಲು, ಈ ಪ್ರಪಂಚ ಸಿಕ್ಕಿದ್ರೂ ಏನು ಬಂತು ಅಂತ ಬಾಗಿಲಲ್ಲಿ ನಿಂತು ಕೇಳೋ ಗುರುದತ್‌ಗೂ ಅದೇ ಗಂಟಲು. ಆ ಯೇ ದುನಿಯಾ ಅಗರ್ ಮಿಲ್ ಭೀ ಜಾಯೇ ಕೊನೇಲಿ ಎಷ್ಟು ಎತ್ತರಕ್ಕೆ ಹೋದ್ರೂ ನನ್ನ ತಕರಾರಿಲ್ಲ, ಯಾಕಂದ್ರೆ ಶುರು ಮಾಡೋದು ಬಾಯೊಳಗೇ ಗೊಣಗಿಕೊಂಡ ಹಾಗೆ.

1977ರ ಕ್ಯಾ ಹುವಾ ತೇರಾ ವಾದಾಗೆ ನ್ಯಾಷನಲ್ ಅವಾರ್ಡ್ ಬಂತು. ಚೆನ್ನಾಗಿದೆ, ಆದ್ರೆ ಅದಕ್ಕಿಂತ ಮೊದಲೇ ಕೊಡಬೇಕಾಗಿದ್ದ ಹಾಡುಗಳು ಡಜನ್ ಇದ್ವು. ಮೂರು ವರ್ಷಕ್ಕೆ, 1980ರ ಜುಲೈ 31ಕ್ಕೆ ಹೋಗೇಬಿಟ್ರು, ಇನ್ನೂ 55 ವಯಸ್ಸು.

ಈ ಪ್ರಶ್ನೆ ನಮ್ಮನೇಲಿ ಅಮ್ಮನಿಗೂ ಒಂದ್ಸಲ ಕೇಳಿದ್ದೆ. ಅವಳಿಗೆ ಇವತ್ತಿಗೂ ಹಿಂದಿ ಬರಲ್ಲ. 1967ರಲ್ಲಿ ಒಂದೇ ಬಳ್ಳಿಯ ಹೂಗಳು ಸಿನಿಮಾಗೆ ಸತ್ಯಂ ಸಂಗೀತದಲ್ಲಿ ರಫಿ ಕನ್ನಡದಲ್ಲಿ ಹಾಡಿದ್ದಾರಲ್ಲ, ನೀನೆಲ್ಲಿ ನಡೆವೆ ದೂರ ಅಂತ, ಅದೊಂದೇ ಅವಳಿಗೆ ರಫಿ ಹಾಡು. ಹಂಗಾದ್ರೆ ಅಪ್ಪ ಇಷ್ಟು ವರ್ಷ ರಾತ್ರಿ ಕೇಳ್ತಿದ್ದಿದ್ದು ಅಂದೆ. "ಅದಾ? ಅದು ನಿದ್ದೆ ಬರೋಕೆ ಹಾಕೋತಿದ್ರು ಕಣೋ" ಅಂದ್ಲು.