ಕುತ್ತಿಗೆ ನೋವಿಗೆ ಆದಿತಾಳದ ಲೆಕ್ಕ: ವ್ಯಾಯಾಮ ದಾಖಲೆ, ಮೂರನೇ ಕಂತು

ಚೌತಿಯಿಂದ ದಸರೆವರೆಗೆ ಮೈಸೂರಿನಲ್ಲಿ ಸಂಗೀತ ಕಚೇರಿಗಳ ಸುಗ್ಗಿ. ವಿ.ವಿ. ಮೊಹಲ್ಲಾ 8ನೇ ಕ್ರಾಸಿನ ಗಣೇಶೋತ್ಸವದಿಂದ ಅರಮನೆಯ ವೇದಿಕೆಯವರೆಗೆ ಒಂದಾದ ಮೇಲೊಂದು. ‘ಕತ್ತು ಹಿಡ್ಕೊಂಡಿದೆ’ ಅನ್ನುವವರೂ ಈ ಹೊತ್ತಿಗೇ ಜಾಸ್ತಿ. ದಿನಕ್ಕೆ ಒಂದು ಗಂಟೆ ಸಾಧಕ (ವಾದ್ಯದ ಅಭ್ಯಾಸ) ಮಾಡುತ್ತಿದ್ದವರು ಒಂದೇ ವಾರದಲ್ಲಿ ನಾಲ್ಕು ಗಂಟೆಗೆ ಏರಿದರೆ ಕುತ್ತಿಗೆಯ ಸ್ನಾಯು ಅದಕ್ಕೆ ತಯಾರಿರುವುದಿಲ್ಲ. ತಲೆಯ ತೂಕವೇ ನಾಲ್ಕೂವರೆ, ಐದು ಕಿಲೋ. ವೀಣೆಯ ಮೆಟ್ಟಿಲುಗಳತ್ತ ಎಡಕ್ಕೆ ಬಗ್ಗಿದಷ್ಟೂ ಹೊತ್ತು ಆ ಭಾರವನ್ನು ಹಿಂಗತ್ತಿನ ಸ್ನಾಯುಗಳೇ ಹಿಡಿದಿರಬೇಕು.

ಮೂರು ತಿಂಗಳಿಗಿಂತ ಹಳೆಯ ನೋವಿರುವ ವೀಣೆ, ಪಿಟೀಲು, ಮೃದಂಗದವರಿಗಾಗಿ ಹೊಂದಿಸುತ್ತಿರುವ ಕ್ರಮ ಇದು. ಈ ಕಂತಿನಲ್ಲಿ ಒಂದು ದೊಡ್ಡ ಬದಲಾವಣೆ ಇದೆ: ಎಳೆತಗಳನ್ನು (ಸ್ಟ್ರೆಚಿಂಗ್) ಕೊನೆಗೆ ತಳ್ಳಿ, ಬಲ ಕೊಡುವ ವ್ಯಾಯಾಮಗಳನ್ನು ಮೊದಲಿಗೆ ತಂದಿದ್ದೇವೆ. ಕುತ್ತಿಗೆ ಎಳೆದುಕೊಂಡರೆ ಅರ್ಧ ಗಂಟೆ ಹಾಯೆನಿಸುತ್ತದೆ, ನಿಜ. ಮತ್ತೆ ವಾದ್ಯ ಹಿಡಿದು ಕೂತಾಗ ಹೊರಬೇಕಾದ ಭಾರ ಅಷ್ಟೇ ಇರುತ್ತದೆ, ಹೊರುವ ಶಕ್ತಿಯೂ ಅಷ್ಟೇ. ಹಾಗಾಗಿ ನೋವು ವಾಪಸು ಬರುತ್ತದೆ.

ಶುರುವಿಗೆ ಅಳತೆ

ಅಂಗಾತ ಮಲಗಿ, ಗದ್ದವನ್ನು ಸ್ವಲ್ಪ ಒಳಕ್ಕೆ ತಂದು, ತಲೆಯನ್ನು ನೆಲದಿಂದ ಎರಡೂವರೆ ಸೆಂ.ಮೀ. ಮಾತ್ರ ಎತ್ತಿ ಹಿಡಿಯುವುದು. ಗದ್ದ ಮುಂದಕ್ಕೆ ಚಾಚಿದ ಕ್ಷಣ ಅಥವಾ ತಲೆ ನೆಲ ಮುಟ್ಟಿದ ಕ್ಷಣ ಗಡಿಯಾರ ನಿಲ್ಲಿಸಿ. ನೋವಿಲ್ಲದ ಗಂಡಸರು ಸರಾಸರಿ 39 ಸೆಕೆಂಡು, ಹೆಂಗಸರು 29 ಸೆಕೆಂಡು ಹಿಡಿಯುತ್ತಾರೆಂಬ ಪ್ರಕಟಿತ ಅಳತೆ ಇದೆ. ಎರಡನೆಯದಕ್ಕೆ ದರ್ಜಿಯ ಟೇಪು ಸಾಕು: ಕತ್ತನ್ನು ಎಡಕ್ಕೆ, ಆಮೇಲೆ ಬಲಕ್ಕೆ ಪೂರ್ತಿ ತಿರುಗಿಸಿ, ಗದ್ದದ ತುದಿಯಿಂದ ಹೆಗಲಿನ ಮೂಳೆಯ ತುದಿಗೆ ಎಷ್ಟು ಸೆಂ.ಮೀ. ಎಂದು ಬರೆದುಕೊಳ್ಳಿ. ಎಡಬಲಗಳ ನಡುವಿನ ವ್ಯತ್ಯಾಸವೇ ಇಲ್ಲಿ ಮುಖ್ಯ. ಇದರ ಜೊತೆಗೆ ಸಾಧಕ ಮುಗಿದ ಕೂಡಲೇ ಮತ್ತು ಮಾರನೇ ಬೆಳಿಗ್ಗೆ, ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ. ಬೆಳಗಿನ ಅಂಕಿ ಹೆಚ್ಚು ನಂಬಿಕೆಯದು.

ಒಂದನೇ ಹಂತ: ಬಿಪಿ ಪಟ್ಟಿ

ಕುತ್ತಿಗೆಯ ಮುಂಭಾಗದಲ್ಲಿ, ಬೆನ್ನುಮೂಳೆಗೆ ಅಂಟಿಕೊಂಡಂತೆ ಆಳದ ಸ್ನಾಯುಗಳಿವೆ. ಹಳೆಯ ನೋವಿರುವವರಲ್ಲಿ ಸಾಮಾನ್ಯವಾಗಿ ಇವು ಸೋತಿರುತ್ತವೆ. ಇವುಗಳ ಕೆಲಸವನ್ನು ಕಿವಿಯ ಹಿಂದಿನಿಂದ ಎದೆಯ ಮೂಳೆಗೆ ಇಳಿಯುವ ಮೇಲಿನ ದಪ್ಪ ಸ್ನಾಯು ಮಾಡುತ್ತಿರುತ್ತದೆ. ಆಳದ್ದನ್ನು ಎಬ್ಬಿಸಲು ಫಿಸಿಯೋಥೆರಪಿಯಲ್ಲಿ ಒತ್ತಡ ತೋರಿಸುವ ಒಂದು ಸಾಧನ ಬಳಸುತ್ತಾರೆ. ಮುಳ್ಳಿರುವ ಮಾಮೂಲಿ ಬಿಪಿ ಉಪಕರಣದಿಂದಲೂ ಮನೆಯಲ್ಲಿ ಇದೇ ಕೆಲಸ ಆಗುತ್ತದೆ, ಏಕೆಂದರೆ ಅದರ ಮುಖದಲ್ಲೂ ಒಂದೊಂದು ಗೀಟಿಗೆ ಎರಡೆರಡು ಅಂಕಿ ಏರುತ್ತದೆ. ಅಂಕಿ ತೋರಿಸುವ ಡಿಜಿಟಲ್ ಯಂತ್ರ ಇದಕ್ಕೆ ಬರುವುದಿಲ್ಲ.

ಮಂಡಿ ಮಡಚಿ ಅಂಗಾತ ಮಲಗಿ. ಹಣೆ ಮತ್ತು ಗದ್ದ ಒಂದೇ ಮಟ್ಟದಲ್ಲಿರಲಿ. ಗದ್ದ ಮೇಲೆದ್ದಿದ್ದರೆ ತಲೆಯಡಿ ಮಡಚಿದ ಟವೆಲ್ ಇಡಿ. ಬಿಪಿ ಉಪಕರಣದ, ತೋಳಿಗೆ ಸುತ್ತುವ ಪಟ್ಟಿಯನ್ನು ಮೂರು ಮಡಿಕೆ ಮಾಡಿ ಕುತ್ತಿಗೆಯ ಹಿಂದೆ, ತಲೆಬುರುಡೆಯ ಅಂಚಿಗೆ ತಾಗುವಂತೆ ಸೇರಿಸಿ. 20ಕ್ಕೆ ಗಾಳಿ ತುಂಬಿ ತಿರುಪನ್ನು ಬಿಗಿ ಮಾಡಿ. ಒಂದು ನಿಮಿಷ ಸುಮ್ಮನೆ ಮಲಗಿ ಮುಳ್ಳು ಇಳಿಯುತ್ತಿದೆಯೇ ನೋಡಿ. ಹಳೆಯ ಪಟ್ಟಿಗಳು ಹೆಚ್ಚಾಗಿ ತಿರುಪಿನ ಬುಡದಲ್ಲೇ ಸೋರುತ್ತವೆ. ಆಮೇಲೆ ತಲೆಯನ್ನು ಎತ್ತದೆ, ಕೆಳಕ್ಕೆ ಒತ್ತದೆ, ‘ಹೂಂ’ ಎನ್ನುವಷ್ಟೇ ಮೆಲ್ಲಗೆ ಗದ್ದ ಇಳಿಸಿ. ಮುಳ್ಳು 22ಕ್ಕೆ ಬರಬೇಕು. ಅಲ್ಲೇ ಹತ್ತು ಸೆಕೆಂಡು ನಿಲ್ಲಿಸಬೇಕು.

ಈ ಹತ್ತು ಸೆಕೆಂಡಿಗೆ ಮೆಟ್ರೋನೋಮನ್ನು (ಲಯ ಬಡಿಯುವ ಯಂತ್ರ) ನಿಮಿಷಕ್ಕೆ 48 ಬಡಿತಕ್ಕೆ ಇಟ್ಟರೆ ಆದಿತಾಳದ ಒಂದು ಆವರ್ತನ, ಅಂದರೆ ಎಂಟು ಎಣಿಕೆಯ ಒಂದು ಸುತ್ತು, ಸರಿಯಾಗಿ ಹೊಂದುತ್ತದೆ. ಒಂದು ಆವರ್ತನ ಹಿಡಿತ, ಒಂದು ಆವರ್ತನ ವಿಶ್ರಾಂತಿ, ಹೀಗೆ ಹತ್ತು ಸಲ. ಸೆಕೆಂಡು ಎಣಿಸುವಾಗ ಅವಸರಪಡುವವರು ತಾಳ ಹಾಕಿದರೆ ಅವಸರಪಡುವುದಿಲ್ಲ. ತಾಳ ಮನಸ್ಸಿನಲ್ಲೇ ಇರಲಿ, ಕೈ ಅಲ್ಲಾಡಿಸಿದರೆ ಹೆಗಲು ಬಿಗಿಯುತ್ತದೆ. ಹತ್ತು ಸಲವೂ ಮುಳ್ಳು ನಡುಗದೆ ನಿಂತ ಮೇಲೆ 24, ಆಮೇಲೆ 26, ಹೀಗೆ 30ರವರೆಗೆ. ಬಹುತೇಕರಿಗೆ ಇದಕ್ಕೆ ಆರು ವಾರ ಬೇಕು. ಎರಡೇ ದಿನದಲ್ಲಿ 30 ಮುಟ್ಟಿದೆ ಎಂದರೆ ತಲೆಯನ್ನು ನೆಲಕ್ಕೆ ಒತ್ತುತ್ತಿದ್ದಾರೆ ಎಂದೇ ಅರ್ಥ.

ಕೆಡುವುದು ಎಲ್ಲಿ ಎಂದು ಬೆರಳೇ ಹೇಳುತ್ತದೆ. ಎರಡು ಬೆರಳನ್ನು ಕುತ್ತಿಗೆಯ ಪಕ್ಕ ಹಗುರವಾಗಿ ಇಡಿ. ಅಲ್ಲಿ ತಂಬೂರಿ ತಂತಿಯಂತೆ ಏನಾದರೂ ಬಿಗಿದು ನಿಂತರೆ ಮೇಲಿನ ಸ್ನಾಯು ಕೆಲಸ ಕಿತ್ತುಕೊಂಡಿದೆ. ಒಂದು ಗೀಟು ಹಿಂದಕ್ಕೆ ಬನ್ನಿ. ಇನ್ನೊಂದು ಕಳ್ಳದಾರಿ ದವಡೆ. ನಾಲಿಗೆ ಅಂಗುಳಕ್ಕೆ ತಾಗಿರಲಿ, ತುಟಿ ಮುಚ್ಚಿರಲಿ, ಹಲ್ಲುಗಳ ನಡುವೆ ಸಂದು ಇರಲಿ. ಉಸಿರು ಕಟ್ಟುವವರು ಮೆಲ್ಲಗೆ ಷಡ್ಜ ಗುನುಗಿಕೊಂಡರೆ ಸಾಕು, ಉಸಿರು ಹರಿಯುತ್ತದೆ.

ಎರಡನೇ ಹಂತ: ಸೈಕಲ್ ಟ್ಯೂಬು

ಮೂರನೇ ವಾರದಿಂದ ಹೆಗಲಿನ ಕೆಲಸ ಸೇರುತ್ತದೆ. ಬಣ್ಣದ ರಬ್ಬರ್ ಪಟ್ಟಿ ಕೊಂಡರೆ ಹಳದಿಯಿಂದ ಶುರು, ಆಮೇಲೆ ಕೆಂಪು, ಹಸಿರು. ಇಲ್ಲವಾದರೆ ಹಳೆಯ ಸೈಕಲ್ ಟ್ಯೂಬನ್ನು ವಾಲ್ವಿನ ಎರಡೂ ಪಕ್ಕ ಕತ್ತರಿಸಿ ಆ ತುಂಡು ಬಿಸಾಡಿ, ಉಳಿದದ್ದನ್ನು ಉದ್ದಕ್ಕೆ ಸೀಳಿದರೆ ಎರಡು ಪಟ್ಟಿ. ಪಂಕ್ಚರ್ ತೇಪೆ ಇರುವ ಟ್ಯೂಬು ಬೇಡ. ಎಳೆದಾಗ ತೇಪೆಯ ಅಂಚಿನಲ್ಲೇ ಹರಿದು ಮುಖಕ್ಕೆ ಹೊಡೆಯುತ್ತದೆ.

ಪಟ್ಟಿಯ ಮಧ್ಯವನ್ನು ಪಾದದಡಿ ಮೆಟ್ಟಿ, ತುದಿಗಳನ್ನು ಎರಡು ಕೈಯಲ್ಲಿ ಹಿಡಿದು, ಮೊಣಕೈ ಚೂರು ಬಾಗಿಸಿ, ತೋಳುಗಳನ್ನು ನೇರ ಪಕ್ಕಕ್ಕಲ್ಲದೆ ತುಸು ಮುಂದಕ್ಕೆ ಓರೆಯಾಗಿ ಹೆಗಲಮಟ್ಟಕ್ಕೆ ಎತ್ತಿ ಇಳಿಸಿ. ದಿನಕ್ಕೆ ಎರಡು ನಿಮಿಷ ಅಷ್ಟೇ. ಇಷ್ಟು ಕಡಿಮೆ ಸಾಕೇ ಎಂದು ಕೇಳುವವರಿಗೆ: 2011ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನದಲ್ಲಿ ಕುತ್ತಿಗೆ, ಹೆಗಲು ನೋವಿದ್ದ 198 ಮಂದಿಯಲ್ಲಿ ಕೆಲವರು ಇದೇ ವ್ಯಾಯಾಮವನ್ನು ದಿನಕ್ಕೆ 2 ನಿಮಿಷ, ಕೆಲವರು 12 ನಿಮಿಷ, ಹತ್ತು ವಾರ ಮಾಡಿದರು. ಎರಡೂ ಗುಂಪಿನವರಿಗೆ ನೋವು ಇಳಿಯಿತು. ಅವರು ಸಂಗೀತಗಾರರಲ್ಲ, ಬಹುಪಾಲು ಆಫೀಸು ಕೆಲಸದವರು. ಆದರೂ ಸಾಧಕದ ನಡುವೆ ಬಿಡುವಿಲ್ಲ ಎನ್ನುವವರಿಗೆ ಎರಡು ನಿಮಿಷದ ಈ ಪಾಠ ಬಹಳ ಬೆಲೆಯುಳ್ಳದ್ದು. ಹೆಗಲು ಕಿವಿಯತ್ತ ಏರಿದರೆ ಪಟ್ಟಿ ಬಿಗಿ ಹೆಚ್ಚಾಗಿದೆ. ಸಾಧಕಕ್ಕೆ ಮುಂಚೆ ಮಾಡಬೇಡಿ, ಕಮಾನಿನ ಕೈ ನಡುಗುತ್ತದೆ.

ಕೂರುವ ರೀತಿ

ಮಂಡಿಗಳು ಸೊಂಟಕ್ಕಿಂತ ಮೇಲಿದ್ದರೆ ನಡು ಹಿಂದಕ್ಕೆ ಕುಸಿಯುತ್ತದೆ, ಬೆನ್ನು ಗೂನಾಗುತ್ತದೆ, ಗದ್ದ ಮುಂದೆ ಬರುತ್ತದೆ. ಕುಂಡೆಯ ಹಿಂಭಾಗದಡಿ ಐದಾರು ಸೆಂ.ಮೀ. ದಪ್ಪಕ್ಕೆ ಜಮಖಾನ ಮಡಚಿ ಇಡಿ. ಮೆತ್ತನೆ ದಿಂಬು ಕುಸಿಯುತ್ತದೆ, ಪ್ರಯೋಜನವಿಲ್ಲ.

ನಮ್ಮ ಪದ್ಧತಿಯಲ್ಲಿ ಪಿಟೀಲಿನ ತಲೆ ಬಲಗಾಲಿನ ಮೇಲೆ ಕೂರುವುದರಿಂದ ಗದ್ದದಲ್ಲಿ ವಾದ್ಯ ಕಚ್ಚಿ ಹಿಡಿಯುವ ಅಗತ್ಯವೇ ಇಲ್ಲ. ಕುತ್ತಿಗೆಗೆ ಇದು ದೊಡ್ಡ ಲಾಭ. ಆ ಲಾಭ ಹೋಗುವುದು ವಾದ್ಯ ಜಾರಿದಾಗ. ಮನೆಯಲ್ಲಿ ಹತ್ತಿ ಬಟ್ಟೆ ಉಟ್ಟು ನುಡಿಸುವಾಗ ಏನೂ ತೊಂದರೆ ಇಲ್ಲದವರಿಗೆ ಕಚೇರಿಯ ದಿನವೇ ನೋವು ಬರುವುದುಂಟು: ರೇಷ್ಮೆ ಸೀರೆ, ರೇಷ್ಮೆ ಪಂಚೆಯ ಮೇಲೆ ಪಾಲಿಶ್ ಮರ ಇಂಚಿಂಚೇ ಜಾರುತ್ತದೆ, ಎಡ ಹೆಗಲು ತನಗೆ ತಾನೇ ಮೇಲೇರಿ ಅದನ್ನು ತಡೆಯುತ್ತದೆ. ಡ್ರಾಯರಿನೊಳಗೆ ಹಾಸುವ ರಬ್ಬರ್ ಜಾಲರಿಯ ಅಂಗೈಯಗಲದ ಎರಡು ತುಂಡು, ಒಂದು ಪಾದದ ಮೇಲೆ, ಒಂದು ಎದೆಯ ಕಡೆ ಇಡಿ. ನುಡಿಸಿ ಮುಗಿದ ಮೇಲೆ ತೆಗೆದಿಡಿ, ವಾರ್ನಿಶಿಗೆ ಅಂಟಿಕೊಳ್ಳುತ್ತದೆ. ವೀಣೆಯವರು ವಾದ್ಯದ ಬುರುಡೆಯಡಿ ಇದನ್ನೇ ಹಾಸಬಹುದು.

ಬಲ ಹೆಗಲಿನ ನೋವು ಬಹಳ ಸಲ ಕಮಾನನ್ನು ಒತ್ತುವುದರಿಂದ. ನಾದ ದೂರ ಕೂತವರಿಗೂ ಮುಟ್ಟಲೆಂದು ಮೈಸೂರು ಟಿ. ಚೌಡಯ್ಯನವರು (1895–1967) ಏಳು ತಂತಿಯ ಪಿಟೀಲನ್ನೇ ರೂಪಿಸಿಕೊಂಡರು. ಈಗ ಆ ಕೆಲಸಕ್ಕೆ ಮೈಕ್ ಇದೆ. ಒತ್ತಡ ಕಡಿಮೆ ಮಾಡಿ, ಮೈಕಿನವರಿಗೆ ಹೇಳಿ.

ಮಾಡಬಾರದ್ದು, ನಿಲ್ಲಿಸಬೇಕಾದದ್ದು

ಸಲೂನಿನಲ್ಲಿ ಕತ್ತು ತಿರುಚಿ ನೆಟಿಗೆ ತೆಗೆಸಬೇಡಿ. ಮಿದುಳಿಗೆ ರಕ್ತ ಒಯ್ಯುವ ನಾಳ ಕುತ್ತಿಗೆಯ ಮೂಳೆಗಳೊಳಗೇ ಹಾದುಹೋಗುತ್ತದೆ. ಹಠಾತ್ ತಿರುವಿಗೆ ಅದರ ಒಳಪದರ ಹರಿದು ಪಾರ್ಶ್ವವಾಯು ಆಗುವ ಅಪಾಯ ಅಪರೂಪವಾದರೂ ನಿಜ.

ತೋಳಿನುದ್ದ ಶಾಕ್ ಹೊಡೆದಂತಾಗುವುದು, ಬೆರಳು ಜೋಮು ಹಿಡಿಯುವುದು, ಹಿಡಿತ ಸಡಿಲವಾಗುವುದು, ನಡಿಗೆ ತೂರಾಡುವುದು, ಜ್ವರದ ಜೊತೆ ನೋವು, ಬಿದ್ದ ಮೇಲೆ ಶುರುವಾದ ನೋವು: ಇವುಗಳಲ್ಲಿ ಯಾವುದಿದ್ದರೂ ಈ ಕ್ರಮ ಬಿಟ್ಟು ಮೊದಲು ವೈದ್ಯರಿಗೆ ತೋರಿಸಿ. ವ್ಯಾಯಾಮದ ಮೇಲೆ ಸ್ವಲ್ಪ ನೋವು ಬಂದು ಮಾರನೇ ಬೆಳಿಗ್ಗೆಗೆ ಇಳಿದರೆ ಚಿಂತೆಯಿಲ್ಲ. ಬೆಳಗಿನ ಅಂಕಿ ಹಿಂದಿನ ದಿನಕ್ಕಿಂತ ಎರಡು ಹೆಚ್ಚಿದ್ದರೆ ವ್ಯಾಯಾಮವನ್ನು ಅರ್ಧಕ್ಕೆ ಇಳಿಸಿ.

ಮುಂದಿನ ಕಂತು ಮೃದಂಗದವರದು. ಅವರಲ್ಲಿ ಒಂದು ಕಾಲು ಮಡಚಿ ಇನ್ನೊಂದು ಚಾಚುವುದರಿಂದ ಸೊಂಟ ಒಂದು ಪಕ್ಕಕ್ಕೆ ವಾಲುತ್ತದೆ, ಕುತ್ತಿಗೆ ಅದನ್ನು ಸರಿದೂಗಿಸಲು ಇನ್ನೊಂದು ಪಕ್ಕಕ್ಕೆ ಓಲುತ್ತದೆ. ತಗ್ಗಿದ ಪಕ್ಕಕ್ಕೆ ಎರಡು ಸೆಂ.ಮೀ. ದಪ್ಪದ ಬಟ್ಟೆ ಸಾಕೇ, ಮೂರು ಬೇಕೇ ಎನ್ನುವುದನ್ನು ಮುಂದಿನಿಂದ ತೆಗೆದ ಫೋಟೋದಲ್ಲಿ ಎರಡು ಹೆಗಲಿಗೆ ಗೆರೆ ಎಳೆದು ಅಳೆಯುತ್ತಿದ್ದೇವೆ.